ಹೊಸ ಕ್ಯಾಡಿಸ್ ನೊಣ ಸಿಕ್ಕಿದೆಯೇ? ವಿವರಿಸಿ ಹೆಸರಿಡುವುದು ಹೀಗೆ

ಕಲಘಟಗಿಯಿಂದ ಹಾನಗಲ್ಲಿನವರೆಗಿನ ಅರೆಮಲೆನಾಡಿನಲ್ಲಿ ಹಳ್ಳಗಳಿಗೆ ಬರವಿಲ್ಲ. ಮಳೆಗಾಲ ಇಳಿದು ನೀರು ತಿಳಿಯಾದಾಗ ಹರಿವಿನ ನಡುವಿನ ಕಲ್ಲೊಂದನ್ನು ಎತ್ತಿ ಅದರ ಅಡಿ ನೋಡಿ. ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ ಸಣ್ಣ ಕೊಳವೆಗಳು ಕಂಡರೆ, ಒಳಗಿರುವುದು ಹೆಚ್ಚಾಗಿ ಕ್ಯಾಡಿಸ್ ನೊಣದ ಮರಿಹುಳು. ಬಾಯಿಯಿಂದ ಹೊರಡುವ ರೇಷ್ಮೆಯೇ ಅದರ ಅಂಟು. ನೀರಿನಲ್ಲೂ ಅದು ಹಿಡಿತ ಬಿಡುವುದಿಲ್ಲ. ಕೆಲವು ಜಾತಿಯವು ಇಂಥ ಗೂಡು ಕಟ್ಟದೆ ಹರಿವಿಗೆ ಅಡ್ಡಲಾಗಿ ಬಲೆ ನೇಯ್ದು, ತೇಲಿ ಬರುವ ಆಹಾರವನ್ನು ಹಿಡಿಯುತ್ತವೆ. ರೆಕ್ಕೆ ಬಂದ ಮೇಲೆ ನೋಡಿದವರು ಇದನ್ನು ಪತಂಗವೆಂದೇ ತಿಳಿಯುತ್ತಾರೆ. ಆದರೆ ಇದರ ರೆಕ್ಕೆಯ ಮೇಲಿರುವುದು ಹುಡಿಯಲ್ಲ, ಕೂದಲು. ಸುರುಳಿ ಸೊಂಡಿಲೂ ಇಲ್ಲ. ಕೂತಾಗ ರೆಕ್ಕೆಗಳು ಹೆಂಚಿನ ಮಾಡಿನಂತೆ ಎರಡೂ ಕಡೆ ಇಳಿಬಿದ್ದಿರುತ್ತವೆ.

ಜಗತ್ತಿನಲ್ಲಿ ಈವರೆಗೆ 16,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರು ಸಿಕ್ಕಿದೆ. ಭಾರತದವೇ ಸಾವಿರ ದಾಟುತ್ತವೆ. ಪಶ್ಚಿಮ ಘಟ್ಟದ ತೊರೆಗಳಿಂದ ಇಂದಿಗೂ ಹೊಸವು ವರದಿಯಾಗುತ್ತಿವೆ. ಹಾಗಾಗಿ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗೂ ಇದು ಕೈಗೆಟುಕುವ ಕೆಲಸವೇ. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿರಲಿ: ಬಲೆಗೆ ಬಿದ್ದ ದಿನವೇ ಯಾವ ಹುಳುವೂ ಹೊಸ ಪ್ರಭೇದವಾಗುವುದಿಲ್ಲ. ಇನ್ನೊಬ್ಬರು ಒರೆಗೆ ಹಚ್ಚಿ ನೋಡಬಹುದಾದ ವಿವರಣೆ ಪ್ರಕಟವಾಗಿ, ಅದಕ್ಕೆ ಆಧಾರವಾದ ಮಾದರಿ ಸಂಗ್ರಹಾಲಯದಲ್ಲಿ ಭದ್ರವಾಗಬೇಕು.

ಅನುಮತಿ, ಬೆಳಕು, ಚೀಟಿ

ಗದಗಿನ ಕಪ್ಪತಗುಡ್ಡದಂಥ ವನ್ಯಜೀವಿಧಾಮದೊಳಗೆ ಹುಳು ಹಿಡಿಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅದು ಕೈಗೆ ಬಾರದೆ ಹೊರಡಬೇಡಿ.

ಪ್ರೌಢ ನೊಣಗಳು ಬೆಳಕಿಗೆ ಬರುತ್ತವೆ. ಸೆಕೆಯಿರುವ, ಗಾಳಿಯಿಲ್ಲದ, ಬೆಳದಿಂಗಳಿಲ್ಲದ ರಾತ್ರಿ ಒಳ್ಳೆಯದು. ಹಳ್ಳದ ದಂಡೆಯಲ್ಲಿ ಅಗಲವಾದ ಬಿಳಿ ತಟ್ಟೆಗೆ ಆಲ್ಕೋಹಾಲ್ ಹಾಕಿ, ಅದರ ಮೇಲೆ ಬ್ಯಾಟರಿಯಿಂದ ಉರಿಯುವ ಅತಿನೇರಳೆ ದೀಪ ಇಡಿ. ಕತ್ತಲಾದ ಮೊದಲ ಒಂದೆರಡು ಗಂಟೆಯಲ್ಲೇ ಹೆಚ್ಚು ಬೀಳುತ್ತವೆ. ಆಮೇಲೆ ಶೇ 80ರ ಎಥನಾಲ್ ತುಂಬಿದ ಪುಟ್ಟ ಬಾಟಲಿಗಳಿಗೆ ವರ್ಗಾಯಿಸಿ. ಡಿಎನ್‌ಎ ತೆಗೆಯಬೇಕೆಂದಿದ್ದರೆ ಕೆಲವನ್ನು ಶೇ 95ರದರಲ್ಲಿಟ್ಟು ತಂಪಾದ ಕಡೆ ಕಾಪಾಡಿ.

ಅಂದೇ ರಾತ್ರಿ, ಅಲ್ಲೇ ಕೂತು ಚೀಟಿ ಬರೆಯಿರಿ. ಜಿಲ್ಲೆ, ತಾಲ್ಲೂಕು, ಹಳ್ಳದ ಹೆಸರು, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ಹಿಡಿದ ಬಗೆ, ಹಿಡಿದವರ ಹೆಸರು ಎಲ್ಲವೂ ಅದರಲ್ಲಿರಲಿ. ಗಟ್ಟಿ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಹೊರಗೆ ಅಂಟಿಸಿದ ಚೀಟಿ ಉದುರುತ್ತದೆ. ಊರು, ದಿನಾಂಕ ಗೊತ್ತಿಲ್ಲದ ಮಾದರಿ ಎಷ್ಟೇ ಅಪರೂಪದ್ದಾದರೂ ವಿಜ್ಞಾನಕ್ಕೆ ಬಹುಮಟ್ಟಿಗೆ ನಿರುಪಯೋಗಿ.

ಗುರುತು ಇರುವುದು ಹೊಟ್ಟೆಯ ತುದಿಯಲ್ಲಿ

ಇಡೀ ಕೆಲಸದ ಜೀವಾಳ ಇದು, ತಾಳ್ಮೆ ಬೇಡುವುದೂ ಇದೇ. ಕಂದು ಬಣ್ಣದ ಎರಡು ಕ್ಯಾಡಿಸ್ ನೊಣಗಳನ್ನು ಅಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ಭೇದವೇ ತಿಳಿಯದು. ಪ್ರಭೇದವನ್ನು ಬೇರ್ಪಡಿಸುವುದು ಮುಖ್ಯವಾಗಿ ಗಂಡಿನ ಜನನಾಂಗದ ರಚನೆ. ಆದ್ದರಿಂದ ಮೊದಲು ಗಂಡುಗಳನ್ನು ಆರಿಸಿ. ಒಂದರ ಹೊಟ್ಟೆಯನ್ನು ಸೂಜಿಮೊನೆಯ ಚಿಮಟದಿಂದ ನಾಜೂಕಾಗಿ ಬಿಡಿಸಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಯಲು ಬಿಡಿ. ಇದು ಚರ್ಮ ಸುಡುವ ಕ್ಷಾರ. ಕೈಗವಸು, ಕನ್ನಡಕ ಕಡ್ಡಾಯ. ಬೆಳಗಾಗುವಷ್ಟರಲ್ಲಿ ಒಳಗಿನ ಮಾಂಸಖಂಡ, ಕೊಬ್ಬು ಕರಗಿ, ಗಟ್ಟಿ ಕವಚವಷ್ಟೇ ಪಾರದರ್ಶಕವಾಗಿ ಉಳಿದಿರುತ್ತದೆ. ನೀರಿನಲ್ಲಿ ಚೆನ್ನಾಗಿ ತೊಳೆದು ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತನ್ನಿ.

ಆಗ ಕಾಣುತ್ತದೆ: 9ನೆಯ ಖಂಡದ ಉಂಗುರ, ಅದರ ಮೇಲೆ 10ನೆಯದರ ಚಾಚು, ಕೆಳಗೆ ಹೆಣ್ಣನ್ನು ಹಿಡಿಯಲು ಬಳಸುವ ಜೋಡಿ ಕೊಂಡಿಗಳು, ನಡುವೆ ಶಿಶ್ನ. ಕೊಂಡಿಯ ತುದಿ ಮೊಂಡಾಗಿದೆಯೇ ಚೂಪಾಗಿದೆಯೇ, ಒಳಬದಿಯಲ್ಲಿ ಮುಳ್ಳು ಇದೆಯೇ, ಚಾಚು ಕವಲೊಡೆದಿದೆಯೇ ಎಂಬುದರಲ್ಲೇ ಹೊಸತನದ ಸಾಕ್ಷಿ ಇದೆ. ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ನೋಡಿ ಚಿತ್ರ ಬರೆಯಿರಿ, ಶಿಶ್ನದ್ದು ಪ್ರತ್ಯೇಕವಾಗಿರಲಿ. ಫೋಟೊ ಸಾಲದೇ ಎಂದು ಹಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಸಾಲದು. ಫೋಟೊದಲ್ಲಿ ಒಂದು ಪದರ ಸ್ಪಷ್ಟವಾದರೆ ಇನ್ನೊಂದು ಮಸುಕಾಗುತ್ತದೆ. ಗೆರೆಯ ಚಿತ್ರ ಬರೆಯುವಾಗ ಕೈ ಪ್ರತಿಯೊಂದು ಅಂಚಿನ ಮೇಲೂ ನಿಂತು ಹೋಗಬೇಕು. ಫೋಟೊ ಜೊತೆಗಿರಲಿ, ಅಳತೆಗೆರೆ ಎರಡರಲ್ಲೂ ಇರಲಿ.

ಒಂದೇ ಒಂದು ಗಂಡನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಸಿಕ್ಕಷ್ಟನ್ನೂ ನೋಡಿ, ಆ ಗುಣ ಎಲ್ಲದರಲ್ಲೂ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ನಿಜಕ್ಕೂ ಹೊಸದೇ?

ಕುಲವನ್ನು (ಜೀನಸ್) ಗುರುತಿಸಿಕೊಂಡು, ಆ ಕುಲದ ಏಷ್ಯಾದ ಪ್ರಭೇದಗಳ ಮೂಲ ವಿವರಣೆಗಳನ್ನು ಒಂದೂ ಬಿಡದೆ ಓದಬೇಕು. 1930ರ ದಶಕದಲ್ಲಿ ಲಂಡನ್ನಿನ ಕೀಟಶಾಸ್ತ್ರಜ್ಞ ಮಾರ್ಟಿನ್ ಮೋಸ್ಲಿ ಭಾರತದ ಕ್ಯಾಡಿಸ್ ನೊಣಗಳ ಬಗ್ಗೆ ಬರೆದರು. ಬಳಿಕ ಸ್ವಿಟ್ಜರ್ಲೆಂಡ್ ಮೂಲದ ಫರ್ನಾಂಡ್ ಶ್ಮಿಡ್ ಇಲ್ಲಿ ಸುತ್ತಾಡಿ ಅಪಾರ ಸಂಗ್ರಹ ಮಾಡಿದರು. ಜಗತ್ತಿನ ಎಲ್ಲ ಪ್ರಭೇದಗಳ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಹತ್ತಿರದ ಸಂಬಂಧಿ ಯಾವುದೆಂದು ಗೊತ್ತಾದಾಗಲೇ ‘ಇದು ಅದರಿಂದ ಹೀಗೆ ಬೇರೆ’ ಎಂದು ಬರೆಯಲು ಸಾಧ್ಯ.

ಒಂದು ಕಾಲು ತೆಗೆದು ಸಿಒಐ ಎಂಬ ಜೀನಿನಲ್ಲಿ ಪ್ರಭೇದವನ್ನು ಗುರುತಿಸಲು ಬಳಸುವ 658 ಡಿಎನ್‌ಎ ಅಕ್ಷರಗಳ ಬಾರ್‌ಕೋಡ್ ಓದಿಸಿದರೆ ಇನ್ನೊಂದು ಲಾಭವಿದೆ. ಹೆಣ್ಣನ್ನೂ ನೀರಿನೊಳಗಿನ ಮರಿಹುಳುವನ್ನೂ ಗಂಡಿನೊಂದಿಗೆ ಜೋಡಿಸಬಹುದು.

ಬರವಣಿಗೆ, ಹೆಸರು, ಮಾದರಿ

ಪ್ರಾಣಿಗಳ ನಾಮಕರಣಕ್ಕೆ ಅಂತರರಾಷ್ಟ್ರೀಯ ಸಂಹಿತೆಯಿದೆ. ಅದರ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕು, ಹೊಸ ಪ್ರಭೇದವೆಂದು ಸ್ಪಷ್ಟವಾಗಿ ಹೇಳಬೇಕು, ಇತರ ಪ್ರಭೇದಗಳಿಂದ ಬೇರೆ ಮಾಡುವ ಗುಣಗಳನ್ನು ಬರೆಯಬೇಕು. ಒಂದೇ ಒಂದು ಮಾದರಿಯನ್ನು ಹೋಲೋಟೈಪ್ (ಆ ಹೆಸರಿಗೆ ಆಧಾರವಾದ ಮಾದರಿ) ಎಂದು ಗೊತ್ತುಮಾಡಿ, ಅದು ಯಾವ ಸಂಗ್ರಹಾಲಯದಲ್ಲಿರುತ್ತದೆ ಎಂದೂ ತಿಳಿಸಬೇಕು. ವಿವರಣೆಗೆ ಬಳಸಿದ ಉಳಿದ ಮಾದರಿಗಳು ಪ್ಯಾರಾಟೈಪ್. ಆನ್‌ಲೈನ್‌ನಲ್ಲಷ್ಟೇ ಬರುವ ಪತ್ರಿಕೆಯಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಜೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಲೇಬೇಕು; 2012ರ ತಿದ್ದುಪಡಿಯಲ್ಲಿ ಬಂದ ನಿಯಮವಿದು. ಹಳ್ಳದ ಅಥವಾ ಊರಿನ ಹೆಸರಿಡುವುದು ನನಗೆ ಇಷ್ಟ: ಧಾರವಾಡೆನ್ಸಿಸ್ ಎಂದು ಓದಿದವರಿಗೆ ಎಲ್ಲಿಯದೆಂದು ತಕ್ಷಣ ತಿಳಿಯುತ್ತದೆ. ತನ್ನದೇ ಹೆಸರಿಡುವುದು ಈ ವಲಯದಲ್ಲಿ ಶೋಭೆಯಲ್ಲ.

ಪ್ರಕಟಣೆಗೆ ಮೊದಲೇ ಹೆಸರನ್ನು ವಾಟ್ಸ್ಆ್ಯಪ್‌ಗೂ ನಮ್ಮಂಥ ಪತ್ರಿಕೆಗಳಿಗೂ ಕೊಡಬೇಡಿ. ವಿವರಣೆಯಿಲ್ಲದೆ ಓಡಾಡುವ ಹೆಸರಿಗೆ ಸಂಹಿತೆಯಲ್ಲಿ ಮಾನ್ಯತೆಯಿಲ್ಲ, ಮುಂದೆ ಗೊಂದಲಕ್ಕೂ ಕಾರಣ.

2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೆಯ ಕಲಂ ಪ್ರಕಾರ ಹೊಸ ಪ್ರಭೇದದ ಮಾಹಿತಿಯನ್ನೂ ಮಾದರಿಯನ್ನೂ ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಪ್ರಾಣಿಗಳ ವಿಷಯದಲ್ಲಿ ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದು. ಬಿಡಿಸಿದ ಹೊಟ್ಟೆಯನ್ನು ಗ್ಲಿಸರಿನ್ ಇರುವ ಪುಟಾಣಿ ಶೀಶೆಯಲ್ಲಿಟ್ಟು, ಉಳಿದ ದೇಹದ ಬಾಟಲಿಯೊಳಗೇ ಸೇರಿಸಿ, ಕೆಂಪು ಚೀಟಿಯಲ್ಲಿ ಹೋಲೋಟೈಪ್ ಎಂದು ಬರೆದು, ಸ್ವೀಕೃತಿ ಸಂಖ್ಯೆ ಪಡೆದುಕೊಳ್ಳಿ. ಲೇಖನದ ಅಂತಿಮ ಕರಡಿನಲ್ಲಿ ಆ ಸಂಖ್ಯೆ ಇರಬೇಕು.