ಕ್ರಿಸ್ಮಸ್ಸಿಗೆ ಸೋಪು ಕೊಡ್ತೇನೆ ಅಂದಾಗ ಎಲ್ಲರೂ ನಕ್ಕಿದ್ದರು

"ಸೋಪು ಕೊಟ್ಟರೆ ನೀವು ಮೀಯುವುದಿಲ್ಲ ಅಂತ ಹೇಳಿದ ಹಾಗೆ ಆಗ್ತದೆ." 2022ರಲ್ಲಿ ಮಾಂಯ್, ಅಂದರೆ ನನ್ನ ಅತ್ತೆ, ಹೇಳಿದ ಮಾತಿದು. ಗಂಡ ನಗು ತಡೆಯಲಾರದೆ ಅಂಗಳಕ್ಕೆ ಹೋದರು. ಈಗ ಅದೇ ಮಾಂಯ್ ನನ್ನ ಸೋಪನ್ನು ಸೀರೆಗಳ ಮಧ್ಯೆ ಬಚ್ಚಿಡುತ್ತಾರೆ. ಅದಕ್ಕೇ ಇದನ್ನು ಬರೆಯಲು ಧೈರ್ಯ ಬಂದಿದೆ.

ನಮ್ಮದು ಕಾಸರಗೋಡು ಕಡೆಯ ಬೇಳದ ಹತ್ತಿರ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಗಂಡನದು ಪೈಂಟಿಂಗ್ ಕೆಲಸ. ಮಳೆಗಾಲ ಪೂರ್ತಿ ಬ್ರಷ್ ಒಣಗಿಯೇ ಇರುತ್ತದೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಡಿಸೆಂಬರಿನಲ್ಲಿ ನನಗೆ ಕೈತುಂಬ ಕೆಲಸ, ಆದರೆ ಆ ದುಡ್ಡು ಮಳೆಗಾಲದ ಸಾಲಕ್ಕೇ ಹೋಗುತ್ತದೆ. ಗಂಡನ ಕಡೆ ಐದು ಜನ ಅಣ್ಣತಮ್ಮ ಅಕ್ಕತಂಗಿಯರು, ನನ್ನ ಕಡೆ ಮೂರು, ನೆರೆಕರೆ ಬೇರೆ. ಲೆಕ್ಕ ಹಾಕಿದರೆ ಇಪ್ಪತ್ತೆರಡು ಮನೆ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಎಲ್ಲರಿಗೂ ಹೋಗುತ್ತದೆ, ಅದು ಬೇರೆ ಲೆಕ್ಕ. ಅದರ ಜೊತೆ ಏನಾದರೂ ವಸ್ತು ಕೊಡುವ ರೂಢಿ ಯಾರು ಶುರು ಮಾಡಿದರೋ, ಅವರಿಗೆ ದೇವರು ಒಳ್ಳೆಯದು ಮಾಡಲಿ. 2021ರಲ್ಲಿ ಮಂಗಳೂರಿಗೆ ಹೋಗಿ ಗ್ಲಾಸ್ ಸೆಟ್ಟು, ಡಬ್ಬಿ, ಗೋಡೆ ಗಡಿಯಾರ ಅಂತ ಏಳು ಏಳೂವರೆ ಸಾವಿರ ಸುರಿದಿದ್ದೆ. ಕುಟುಂಬಶ್ರೀ ಮಹಿಳಾ ಸಂಘದಲ್ಲಿ ತೆಗೆದ ಸಾಲ ತೀರುವಾಗ ಮುಂದಿನ ಮಳೆ ಬಂದಿತ್ತು. ಮರುವರ್ಷ ನಾನು ಕೊಟ್ಟ ಅದೇ ಗ್ಲಾಸ್ ಸೆಟ್ಟು, ಪೆಟ್ಟಿಗೆ ಸಹ ಬಿಚ್ಚದೆ, ಇನ್ನೊಬ್ಬರ ಮದುವೆಯಲ್ಲಿ ಉಡುಗೊರೆ ಮೇಜಿನ ಮೇಲೆ ಕಂಡಿತು.

ಹಾಗಾಗಿ ಮುಗಿದು ಹೋಗುವ ವಸ್ತುವನ್ನೇ ಕೊಡಬೇಕು ಅಂತ ತೀರ್ಮಾನ ಮಾಡಿದೆ. ಶೋಕೇಸಿಗೆ ಹೋಗುವಂಥದ್ದು ಬೇಡ.

ಸೋಪು ಮಾಡುವುದು ಹೇಗೆ ಅಂತ ನಾನಿಲ್ಲಿ ಪಾಠ ಮಾಡುವುದಿಲ್ಲ. ಸೋಪಿನ ಕಿಟ್, ಅಂದರೆ ಕಾಸ್ಟಿಕ್ ಮತ್ತಿತರ ಸಾಮಾನಿನ ಕಟ್ಟು, ತಂದು ಒಮ್ಮೆಯಾದರೂ ಮಾಡಿದವರು ನಿಮ್ಮಲ್ಲಿ ಬಹಳ ಜನ. ಕಾಸ್ಟಿಕ್ ಅಂದರೆ ಕಾಸ್ಟಿಕ್ ಸೋಡಾ, ಎಣ್ಣೆಯನ್ನು ಸೋಪು ಮಾಡುವ, ಕೈ ಸುಡುವ ಕ್ಷಾರ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್‌ಗೆ ನೀರು ಸುರಿಯಬಾರದು, ಕೈಗೆ ಗ್ಲೌಸ್ ಬೇಕು. ಇಷ್ಟು ಗೊತ್ತಿಲ್ಲದವರು ದಯವಿಟ್ಟು ಗೊತ್ತಿದ್ದವರ ಪಕ್ಕದಲ್ಲಿ ನಿಂತು ಕಲಿಯಿರಿ.

2022ರ ಮೊದಲನೇ ಸಲ ಕೆಟ್ಟದ್ದು ಪಾತ್ರೆಯಿಂದ. ಸ್ಟೀಲಿನದು ಚಿಕ್ಕದಾಯಿತು ಅಂತ ಕಾಸ್ಟಿಕ್ ನೀರನ್ನು ಅಲ್ಯುಮಿನಿಯಂ ಪಾತ್ರೆಗೆ ಸುರಿದೆ. ಬುಸ್ ಅಂತ ನೊರೆ ಬಂತು, ಪಾತ್ರೆ ಕಪ್ಪಾಯಿತು. ಹೆದರಿ ಹಿತ್ತಿಲಿಗೆ ಓಡಿದೆ. ಗಂಜಿಯ ಪಾತ್ರೆ ಅದು, ಮಾಂಯ್ ತವರಿನಿಂದ ತಂದದ್ದು. ಎರಡನೇ ಸಲ ಸೋಪು ಚೆನ್ನಾಗಿಯೇ ಕೂತಿತು. ಬೆಳಿಗ್ಗೆ ಕತ್ತರಿಸೋಣ ಅಂತ ಮಲಗಿದೆ. ತೆಂಗಿನೆಣ್ಣೆ ಸೋಪು ನಾವೇಳುವ ತನಕ ಕಾಯುವುದಿಲ್ಲ ನೋಡಿ, ಬೇಗ ಗಟ್ಟಿಯಾಗುತ್ತದೆ. ಬೆಳಿಗ್ಗೆ ಕತ್ತಿ ಇಟ್ಟರೆ ಬೆಲ್ಲದ ಅಚ್ಚಿನ ಹಾಗೆ ಚೂರು ಚೂರು. ಆ ಚೂರಿನಲ್ಲಿ ಮೂರು ತಿಂಗಳು ಬಟ್ಟೆ ಒಗೆದೆ. ಆ ಕ್ರಿಸ್ಮಸ್ಸಿಗೆ ಕೊನೆಗೆ ಎಲ್ಲರಿಗೂ ಟವಲ್ ತಂದದ್ದು, ಮೂರೂವರೆ ಸಾವಿರ. ಈಗ ಸಂಜೆ ಅಚ್ಚಿಗೆ ಎರೆದರೆ ರಾತ್ರಿ ಹತ್ತಕ್ಕೆ ಎದ್ದಿದ್ದು ಕತ್ತರಿಸಿಯೇ ಮಲಗುವುದು.

2023ರಲ್ಲಿ ಸೋಪು ನೋಡಲು ಅಂಗಡಿಯದ್ದರ ಹಾಗೇ ಬಂತು. ಆದರೆ ಮಾಡಿದ್ದು ಡಿಸೆಂಬರ್ 10ರ ಸುಮಾರಿಗೆ. ಹತ್ತು ಹನ್ನೆರಡು ದಿನಕ್ಕೇ ಪ್ಲಾಸ್ಟಿಕ್ ಹಾಳೆ ಸುತ್ತಿ ಹಂಚಿದೆ. ಒಳಗೆ ಬೆವರಿ ಅಂಟಂಟಾಗಿತ್ತಂತೆ. ಇನ್ನು ಕೆಲವಕ್ಕೆ ಪೇಪರ್ ಸುತ್ತಿದ್ದೆ. ಬಾಪ್ಪು, ಅಂದರೆ ಚಿಕ್ಕಪ್ಪ, ಫೋನ್ ಮಾಡಿ, "ನಿನ್ನ ಸೋಪಿನ ಮೇಲೆ ನಿಧನ ವಾರ್ತೆ ಅಚ್ಚಾಗಿದೆ" ಅಂದರು. ನಾದಿನಿ ಮಾತ್ರ ನಯವಾಗಿ, "ಪಾತ್ರೆ ತೊಳೆಯಲು ಬಹಳ ಒಳ್ಳೆದುಂಟು ಅತ್ತಿಗೆ" ಅಂದಳು. ಮೈ ಬಿಳಿಚಿ ಒಣಗುತ್ತದೆ ಅನ್ನುವುದನ್ನು ಹಾಗೆ ಹೇಳಿದ್ದು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಎರಡಿತ್ತು. ಒಂದು, ಒಣಗಲು ಬಿಡಲಿಲ್ಲ. ಇನ್ನೊಂದು ಕಾಸ್ಟಿಕ್. ಕಿಟ್ಟಿನ ಲೆಕ್ಕ ಕೆಜಿ ಎಣ್ಣೆಗೆ 170 ಗ್ರಾಂ ಆಸುಪಾಸು. ಬಟ್ಟೆಗೆ ಅದು ಸರಿ. ಮೈಗೆ ಬರೀ ತೆಂಗಿನೆಣ್ಣೆಯ ಸೋಪು ಹಾಗೆ ಮಾಡಿದರೆ ಚರ್ಮದ ಜಿಡ್ಡನ್ನೆಲ್ಲ ಎಳೆಯುತ್ತದೆ. ನಾನು 150ರ ಹತ್ತಿರಕ್ಕೆ ಇಳಿಸಿದೆ. ಒಂದಷ್ಟು ಎಣ್ಣೆ ಸೋಪಾಗದೆ ಉಳಿಯುತ್ತದೆ, ಅದೇ ಮೈಗೆ ಒಳ್ಳೆಯದು. ನೊರೆ ಸ್ವಲ್ಪ ಕಡಿಮೆ, ಆದರೆ ತೆಂಗಿನೆಣ್ಣೆಯಲ್ಲಿ ನೊರೆಗೆ ಬರಗಾಲ ಎಲ್ಲಿ? ನೀರು 350 ಗ್ರಾಂ, ಕಡಿಮೆಯೇ ಇರಲಿ. ತಕ್ಕಡಿ ಮಾತ್ರ ಒಳ್ಳೆಯದು ಬೇಕು. ಇನ್ನೂರೈವತ್ತು ಮುನ್ನೂರು ರೂಪಾಯಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಲೋಟದ ಅಳತೆ ನಂಬಬೇಡಿ.

2024ರಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬ ಮುಗಿದ ಮರುವಾರವೇ ಶುರು ಮಾಡಿದೆ. ನವೆಂಬರ್ 2, ಸತ್ತವರ ಹಬ್ಬದ ಒಳಗೆ ಎರೆಯುವುದು ಮುಗಿಯಲೇಬೇಕು ಅಂತ ಗಡುವು. ಆಮೇಲೆ ಹೊಲಿಗೆ ಕೆಲಸ ಏರುತ್ತದೆ, ಸೋಪು ತನ್ನ ಪಾಡಿಗೆ ಅಟ್ಟದಲ್ಲಿ ಒಣಗುತ್ತದೆ. ಏಳು ವಾರ ಸಿಕ್ಕಿತು. ಕಲ್ಲಿನ ಹಾಗೆ ಆಯಿತು. ನಾಲ್ಕು ಕೆಜಿ ಎಣ್ಣೆ, ಸಾವಿರದ ಮೇಲೆ ಸ್ವಲ್ಪ. ಕಾಸ್ಟಿಕ್ ನೂರೋ ನೂರಿಪ್ಪತ್ತೋ. ಎಲ್ಲ ಸೇರಿ 1,300 ದಾಟಲಿಲ್ಲ. ಅರವತ್ತರ ಹತ್ತಿರ ಸೋಪು. ಒಂದಕ್ಕೆ ಇಪ್ಪತ್ತೆರಡು ರೂಪಾಯಿ ಅಂತಿಟ್ಟುಕೊಳ್ಳಿ. ಮನೆಗೆ ಎರಡರಂತೆ ಕೊಟ್ಟೂ ಉಳಿಯಿತು.

ಕಟ್ಟುವುದಕ್ಕೆ ದುಡ್ಡು ಖರ್ಚಿಲ್ಲ. ಬ್ಲೌಸ್ ತುಂಡುಗಳನ್ನು ವರ್ಷವಿಡೀ ಗೋಣಿಯಲ್ಲಿ ತುಂಬಿಸಿಡುತ್ತೇನೆ. ಅದರಲ್ಲೇ ದಾರ ಎಳೆಯುವ ಪುಟ್ಟ ಚೀಲ. ಬಟ್ಟೆಯೊಳಗೆ ಸೋಪು ಬೆವರುವುದಿಲ್ಲ. ಜೊತೆಗೆ ಹಿತ್ತಿಲಲ್ಲಿ ಬಳ್ಳಿಯಲ್ಲೇ ಒಣಗಿದ ಹೀರೆಕಾಯಿ, ಸಿಪ್ಪೆ ಬೀಜ ತೆಗೆದು ಕೊಯ್ದ ನಾರು. ಮೈ ತಿಕ್ಕಲು ಪೇಟೆಯಲ್ಲಿ ಅದಕ್ಕೇ ಎಷ್ಟು ಕೇಳುತ್ತಾರೆ ಗೊತ್ತಲ್ವಾ? ಚೀಲ ಬಿಚ್ಚಿ "ಇದು ನನ್ನ ಸೀರೆಯ ಬ್ಲೌಸಿನ ತುಂಡಲ್ವಾ?" ಅಂತ ಇಬ್ಬರು ಗುರುತು ಹಿಡಿದರು. ಮುಂದಿನ ವರ್ಷ ಬೇಕೆಂದೇ ಅವರವರ ತುಂಡು ಅವರವರಿಗೆ ಹಾಕಿದೆ.

ನಾನು ಅಂದುಕೊಳ್ಳದ ಇನ್ನೊಂದು ಲಾಭ ಆಯಿತು. ಪಕ್ಕದ ಭಟ್ರ ಮನೆಗೆ ಮೊಟ್ಟೆ ಇರುವ ಕೇಕ್ ಕೊಡುವ ಹಾಗಿಲ್ಲ. ಪ್ರತಿವರ್ಷ ಬಾಳೆಹಣ್ಣು ಕಿತ್ತಳೆ ಕೊಟ್ಟು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದೆ. ಕೊಬ್ಬು ಗಿಬ್ಬು ಇಲ್ಲ, ಬರೀ ತೆಂಗಿನೆಣ್ಣೆ ಅಂತ ತಿಳಿದ ಮೇಲೆ ಆ ಮನೆಯ ಅಕ್ಕ ತಾವೇ ಕೇಳಿ ಇನ್ನೆರಡು ಒಯ್ದರು. ಕೆಳಗಿನ ಬ್ಯಾರಿ, ಅಂದರೆ ಮುಸ್ಲಿಂ, ಮನೆಯವರಿಗೂ ಅದೇ ಸೋಪು. ನಮ್ಮವರಿಗೂ ಆ ಎರಡು ಮನೆಗೂ ಒಂದೇ ಉಡುಗೊರೆ ಹೋಗಿದ್ದು ಅದೇ ಮೊದಲು.

ನಡುವೆ ಮಾಡಿದ ತುಂಟಾಟ ಬಹಳ. ಅರಿಶಿನ ಹಾಕಿದೆ. ಸುಣ್ಣ ತಾಗಿದ ಹಾಗೆ ಕೆಂಪಾಯಿತು, ಥೇಟ್ ಓಕುಳಿ. ಬಿಳಿ ಟವಲ್ ಹೋಯಿತು. ಹಾಲು ಹಾಕಿದೆ, ಕಂದು ಬಣ್ಣಕ್ಕೆ ತಿರುಗಿ ಕೆಟ್ಟ ವಾಸನೆ. ತೆಂಗಿನ ಗೆರಟೆಯಲ್ಲಿ ಎರೆದರೆ ಚೆಂದ ಅಂತ ಎರೆದೆ, ಬಿಡಲೇ ಇಲ್ಲ, ಗೆರಟೆ ಒಡೆದು ತೆಗೆಯಬೇಕಾಯಿತು. ಪ್ಲಂಬರ್ ಬಿಟ್ಟು ಹೋದ ಪಿವಿಸಿ ಪೈಪಿನ ತುಂಡಿನಲ್ಲಿ ಮಾತ್ರ ದುಂಡಗೆ ಚೆನ್ನಾಗಿ ಬರುತ್ತದೆ, ತಳ್ಳಿ ಹೊರಗೆ ತರಲು ಗಂಡನ ತೋಳು ಬೇಕು. ಅರ್ಧ ಪಾಮ್ ಎಣ್ಣೆ ಸೇರಿಸಿ ಉಳಿತಾಯ ಮಾಡಲು ಹೋದೆ. ಪಾಮ್‌ಗೆ ಕಾಸ್ಟಿಕ್ ಕಡಿಮೆ ಸಾಕು ಅನ್ನುವುದು ಮರೆತು ಕಿಟ್ಟಿನ 170ನ್ನೇ ಹಾಕಿದ್ದೆ. ನಾಲಿಗೆಯ ತುದಿಗೆ ಮುಟ್ಟಿಸಿದರೆ ಚುರ್ರ್ ಅಂತು. ಅದು ನೆಲ ಒರೆಸುವ ಬಟ್ಟೆಯ ಪಾಲಾಯಿತು. ಪರಿಮಳಕ್ಕೆ ನಾನು ಏನು ಹಾಕುತ್ತೇನೆ, ಯಾವಾಗ ಹಾಕುತ್ತೇನೆ ಅಂತ ಕೇಳಬೇಡಿ. ಮಜ್ಜಿಗೆಹುಲ್ಲು ಇದೆ ಅಂತ ಹೇಳುತ್ತೇನೆ, ಉಳಿದದ್ದು ನಮ್ಮನೆ ಗುಟ್ಟು.

ಮಕ್ಕಳಿಗೆ ಸೋಪು ಕೊಟ್ಟರೆ ಅಳುತ್ತಾರೆ, ಖಂಡಿತ. ಅವರ ಸೋಪಿನ ನಡುವೆ ಒಂದು ಗಾಜಿನ ಗೋಲಿ ಹುದುಗಿಸಿದೆ. ಅದನ್ನು ಹೊರಗೆ ತೆಗೆಯಲು ಬಾಪ್ಪುವಿನ ಮೊಮ್ಮಕ್ಕಳು ದಿನಕ್ಕೆ ಮೂರು ಸಲ ಮಿಂದರಂತೆ. ಶೀತ ಬಂತು ಅಂತ ಬೈಗುಳವೂ ನನಗೇ.

2025ರಲ್ಲಿ ದೊಡ್ಡ ಪೆಟ್ಟು ಬಿತ್ತು. ಎಣ್ಣೆ ಕೆಜಿಗೆ ನಾನೂರು ದಾಟಿತು. "ಆಯಿತಲ್ಲ ನಿನ್ನ ಸೋಪಿನ ಕಥೆ" ಅಂದರು ಗಂಡ. ನಮ್ಮಲ್ಲಿ ಒಂಬತ್ತು ತೆಂಗಿನ ಮರ ಇದೆ. ಹತ್ತು ಹನ್ನೆರಡು ಕಾಯಿಗೆ ಕೆಜಿ ಎಣ್ಣೆ ಅಂತ ಲೆಕ್ಕ. ಆದರೆ ಆ ರೇಟಿನಲ್ಲಿ ಒಳ್ಳೆಯ ಕಾಯಿಯನ್ನು ಸೋಪಿಗೆ ಹಾಕಿದರೆ ಉಳಿತಾಯ ಎಲ್ಲಿ ಬಂತು? ಮಾರಿದರೆ ಅದೇ ದುಡ್ಡು. ಹಾಗಾಗಿ ವ್ಯಾಪಾರಿ ಬದಿಗೆ ತಳ್ಳುವ ಸಣ್ಣ ಕಾಯಿ, ಬಿರುಕು ಬಿಟ್ಟದ್ದು, ಇವನ್ನೇ ಒಡೆದು ಕೊಬ್ಬರಿ ಮಾಡಿದೆ. ಅಕ್ಟೋಬರಿನಲ್ಲಿ ಬಿಸಿಲು ಕೈಕೊಟ್ಟಿತು. ಬೂಸ್ಟು ಹಿಡಿಯುವ ಹೆದರಿಕೆಗೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಮಿಲ್ಲಿನಿಂದ ಬಂದ ಎಣ್ಣೆಗೆ ಹೊಗೆ ವಾಸನೆ. ಸೋಪಿಗೂ ಅದೇ. ಇದು ಹೋಯಿತು ಅಂದುಕೊಂಡೆ. ಬಾಪ್ಪು ಮಾತ್ರ ಮೂಸಿ ನೋಡಿ, "ಅಮ್ಮನ ಬಚ್ಚಲುಮನೆ ವಾಸನೆ" ಅಂತ ಕೊಟ್ಟಷ್ಟನ್ನೂ ತಾವೇ ಇಟ್ಟುಕೊಂಡರು. ಸೋಪು ಸ್ವಲ್ಪ ಚಿಕ್ಕದು ಮಾಡಿದೆ. ಮಿಲ್ಲಿನ ಕೂಲಿ, ಕಾಸ್ಟಿಕ್, ಕಡಿಮೆ ಬಿದ್ದ ಒಂದು ಕೆಜಿ ಎಣ್ಣೆ, ಎಲ್ಲ ಸೇರಿ ಎಂಟುನೂರು ಎಂಟುನೂರೈವತ್ತು ಆಗಿರಬಹುದು.

ಮಾರಾಟಕ್ಕೆ ಕೊಡ್ತೀಯಾ ಅಂತ ಇಗರ್ಜಿಯ ಹೊರಗೆ ಇಬ್ಬರು ಕೇಳಿದರು. ಮಾರಬೇಕಾದರೆ ಲೈಸೆನ್ಸ್ ಬೇಕು, ಅದರ ಗೋಜು ಬೇಡ ಅಂದೆ. ಒಳಗೊಳಗೆ ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ಮುಂದಿನ ಸಲ ಎರಡು ಸಾಲುವುದಿಲ್ಲ, ಆರು ಎತ್ತಿಡಿ."

"ಪಾತ್ರೆ ತೊಳೆಯಲಿಕ್ಕಾ?" ಅಂತ ಕೇಳಿದೆ.