ಎರಡು ಸಾಲಿನ ಪದ್ಯ, ಮುಕ್ಕಾಲು ಗಂಟೆಯ ಮಾತು

ಹಾಲು ಸಂಘದ ಕಾರ್ಯದರ್ಶಿಗೆ ಮಹಾಸಭೆಯಲ್ಲಿ ವರದಿ ಓದುವುದು ಕಷ್ಟವಲ್ಲ. ಓದಿ ಮುಗಿದ ಮೇಲೆ ಏಳುವ ಪ್ರಶ್ನೆಗಳಿಗೆ ನಿಂತು ಉತ್ತರಿಸುವುದು ಕಷ್ಟ. ಫ್ಯಾಟ್ ಸರಿಯಿದ್ದರೂ ದರ ಏಕೆ ಇಳಿಯಿತು, ಬೋನಸ್ ಏಕೆ ಇಷ್ಟೇ ಎಂದು ಮೂರು ಕಡೆಯಿಂದ ಕೂಗು ಬಂದಾಗ ಕೈಯಲ್ಲಿರುವ ಹಾಳೆ ಉಪಯೋಗಕ್ಕೆ ಬಾರದು. ಈಗ ನಾನು ಹಾಳೆಯಿಲ್ಲದೆ ಮುಕ್ಕಾಲು ಗಂಟೆ ಮಾತನಾಡುತ್ತೇನೆ. ನಡುವೆ ಯಾರು ಎದ್ದು ನಿಂತರೂ ಎಳೆ ಕಡಿಯುವುದಿಲ್ಲ. ಇದನ್ನು ನನಗೆ ಕಲಿಸಿದ್ದು ತಾಳಮದ್ದಳೆ, ಅಂದರೆ ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ.

ಅದಕ್ಕೂ ಮೊದಲು ದುಡ್ಡು ಸಾಕಷ್ಟು ಹೋಯಿತು. ಮಂಗಳೂರಿನಲ್ಲಿ ಎರಡು ದಿನದ ಭಾಷಣ ಕಲೆಯ ಶಿಬಿರಕ್ಕೆ ಶುಲ್ಕ, ವಸತಿ, ಬಸ್ ಎಲ್ಲ ಸೇರಿ ಹನ್ನೊಂದು ಸಾವಿರದ ಹತ್ತಿರ ಖರ್ಚಾಯಿತು. ಕೈ ಹೇಗೆ ಆಡಿಸಬೇಕು, ಯಾರ ಕಣ್ಣು ನೋಡಬೇಕು ಎಂದು ಹೇಳಿಕೊಟ್ಟರು. ಆದರೆ ಅಲ್ಲಿ ಎದುರಿಗೆ ಕುಳಿತವರೆಲ್ಲ ನನ್ನಂತೆಯೇ ಕಲಿಯಲು ಬಂದವರು, ಪ್ರತಿ ಮಾತಿಗೂ ಚಪ್ಪಾಳೆ ತಟ್ಟುವವರು. ಸಿಟ್ಟಿನಲ್ಲಿ ಎದ್ದು ನಿಲ್ಲುವ ಸದಸ್ಯ ಅಲ್ಲಿರಲಿಲ್ಲ. ಕನ್ನಡಿಯ ಮುಂದಿನ ಅಭ್ಯಾಸದಿಂದ ನನಗೆ ಏನೂ ಸಿಗಲಿಲ್ಲ. ಬಾಯಿಪಾಠ ಅದಕ್ಕಿಂತ ಕೆಟ್ಟದ್ದು, ಒಬ್ಬರು ತಡೆದರೆ ಮುಂದಿನ ಸಾಲೇ ಸಿಗದು. ಸಾವಿರದೈನೂರರ ಆಸುಪಾಸಿನ ಕಾಲರ್ ಮೈಕ್ ಒಂದನ್ನು ಕೊಂಡೆ. ಅದು ಸಭಾಭವನದ ಧ್ವನಿವರ್ಧಕಕ್ಕೆ ಹೊಂದಲಿಲ್ಲ.

ನಮ್ಮೂರ ಯಕ್ಷಗಾನ ಸಂಘದ ಶನಿವಾರದ ತಾಳಮದ್ದಳೆ ಕೂಟಕ್ಕೆ ಸೇರಿದಾಗ ಹಿರಿಯ ಅರ್ಥಧಾರಿಗಳೊಬ್ಬರು (ಪಾತ್ರದ ಮಾತನ್ನು, ಅಂದರೆ ‘ಅರ್ಥ’ವನ್ನು, ಹೇಳುವವರು), "ಸಭೆಯ ಮಾತೇ ಬೇರೆ, ಅರ್ಥವೇ ಬೇರೆ. ಅಲ್ಲಿ ಈ ಧಾಟಿ ತಂದರೆ ಜನ ನಗುತ್ತಾರೆ" ಎಂದರು. ನನ್ನ ಲೆಕ್ಕ ಬೇರೆ ಇತ್ತು. ಅರ್ಥಧಾರಿಯ ಕೈಯಲ್ಲಿ ಬರೆದ ಸಂಭಾಷಣೆ ಇರುವುದಿಲ್ಲ. ಭಾಗವತರು ಹಾಡಿದ ಪದ್ಯವೊಂದೇ ಆಧಾರ. ಎದುರಿನವರು ಏನು ಕೇಳುತ್ತಾರೋ ತಿಳಿಯದು, ಆದರೂ ಮುಂದಿನ ಪದ್ಯಕ್ಕೆ ದಾರಿಯಾಗುವಂತೆ ಮಾತು ನಿಲ್ಲಿಸಬೇಕು. ಮಹಾಸಭೆಗೆ ಬೇಕಾದದ್ದು ಇದೇ ಅಲ್ಲವೇ?

ಮೊದಲ ವರ್ಷ ದೂತ, ಮಂತ್ರಿಯಂಥ ಸಣ್ಣ ಪಾತ್ರಗಳು. ಆಮೇಲೆ ವಾಲಿವಧೆಯಲ್ಲಿ ರಾಮನ ಅರ್ಥ ಸಿಕ್ಕಿತು, ಎದುರಿಗೆ ಅದೇ ಹಿರಿಯರ ವಾಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂಬ ಪ್ರಶ್ನೆಯನ್ನು ಅವರು ಪ್ರತಿ ಕೂಟದಲ್ಲೂ ಹೊಸ ದಿಕ್ಕಿನಿಂದ ತರುತ್ತಾರೆ. ಆ ವಾಲಿಗೆ ಉತ್ತರ ಹೇಳಿದವನು ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಪ್ರಶ್ನೆಗೆ ಅಂಜಬೇಕಾಗಿಲ್ಲ.

ನನ್ನ ಕ್ರಮ ಹೀಗಿದೆ. ಪ್ರತಿ ವಿಷಯಕ್ಕೂ ಎರಡು ಸಾಲಿನ ಪದ್ಯ ಕಟ್ಟುತ್ತೇನೆ. ಅದನ್ನು ಸಭೆಯಲ್ಲಿ ಹೇಳುವುದಿಲ್ಲ, ಮನಸ್ಸಿನಲ್ಲೇ ಹಾಡಿಕೊಂಡು ಅರ್ಥ ಮಾತ್ರ ಹೇಳುತ್ತೇನೆ. ದರದ ವಿಷಯಕ್ಕೆ ಕಟ್ಟಿದ್ದು:

ಕೊಬ್ಬಧಿಕವಿದ್ದರೂ ಸಾರ ಕಡಿಮೆಯಾದರೆ
ಹುಬ್ಬು ಗಂಟಿಕ್ಕದಿರಿ ದರವಿಳಿಯಿತೆಂದು

ಶೇಕಡಾ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಪದ್ಯದ ‘ಸಾರ’ ಇದೇ) ಎಂಬ ಅಳತೆ, ಹಿಂಡಿ ಕಡಿಮೆಯಾದರೆ ಸಾರ ಕುಗ್ಗುವುದು, ಖನಿಜ ಮಿಶ್ರಣ, ಎಲ್ಲವೂ ಈ ಎರಡು ಸಾಲಿನಿಂದಲೇ ಹೊರಡುತ್ತವೆ. ಹತ್ತು ನಿಮಿಷಕ್ಕೆ ಮೋಸವಿಲ್ಲ. ಪದ್ಯದ ಮಾತ್ರೆ ಒಂದೆರಡು ಹೆಚ್ಚುಕಡಿಮೆಯಾದರೂ ನಡೆದೀತು, ಪ್ರಾಸ ಮಾತ್ರ ತಪ್ಪಬಾರದು. ನೆನಪು ನಿಲ್ಲುವುದೇ ಅದರಲ್ಲಿ. ನಾಲ್ಕೈದು ಪದ್ಯ ಸಾಕು. ಅವುಗಳನ್ನು ಯಾವ ಅನುಕ್ರಮದಲ್ಲಿ ಇಡಬೇಕು ಎಂಬುದು ನನ್ನ ಕೈಯ ಗುಟ್ಟು, ಅದನ್ನು ಬರೆಯುವುದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಜ್ಯೇಷ್ಠಮಧು ಜಗಿದರೆ ಗಂಟಲಿಗೆ ಹಿತ, ಆದರೆ ಬಾಯಿ ಸಿಹಿಯಾಗಿ ನೀರು ಕುಡಿಯುತ್ತಲೇ ಇರಬೇಕು. ಮೊಬೈಲ್‌ನಲ್ಲಿ ತಂಬೂರಿ ಶ್ರುತಿ ಹಾಕಿ ಅದಕ್ಕೆ ಹೊಂದಿಸಿ ಮಾತನಾಡುವುದು ಬಹಳ ಫಲ ಕೊಟ್ಟಿತು. ಯಾರಾದರೂ ಕೆಣಕಿದಾಗ ನನ್ನ ಸ್ವರ ಮೇಲೇರುತ್ತಿತ್ತು, ಈಗ ಇದ್ದಲ್ಲೇ ನಿಲ್ಲುತ್ತದೆ. ಮೈಕಿಗೂ ಬಾಯಿಗೂ ನಾಲ್ಕು ಬೆರಳು ಅಂತರವಿದ್ದರೆ ಸಾಕು.

ಕಳೆದ ಸೆಪ್ಟೆಂಬರ್‌ನ ಮಹಾಸಭೆಯಲ್ಲಿ ಇನ್ನೂರರಷ್ಟು ಸದಸ್ಯರಿದ್ದರು. ಪ್ರಶ್ನೋತ್ತರವೇ ಗಂಟೆ ದಾಟಿತು. ಹಿಂದೆ ನಕ್ಕಿದ್ದ ನಿರ್ದೇಶಕರೊಬ್ಬರು ತಮ್ಮ ಸ್ವಾಗತ ಭಾಷಣಕ್ಕೆ ಪದ್ಯ ಕಟ್ಟಿಕೊಡಿ ಎಂದು ಮನೆಗೆ ಬಂದರು. ಕೂಟದ ಖರ್ಚು ವರ್ಷಕ್ಕೆ ವಂತಿಗೆ, ಚಹಾ, ಪೆಟ್ರೋಲ್ ಸೇರಿ ಮೂರು ಸಾವಿರ ದಾಟಿರಲಾರದು.

ಈ ಮಳೆಗಾಲಕ್ಕೆ ವಾಲಿಯ ಅರ್ಥವನ್ನು ನನಗೆ ಕೊಡಿ ಎಂದು ಹಿರಿಯರನ್ನು ಕೇಳಿದ್ದೇನೆ. ಪ್ರಶ್ನೆ ಹಾಕುವವನ ಜಾಗದಲ್ಲಿ ಕುಳಿತರೆ ಸದಸ್ಯರ ಮುಂದಿನ ಪ್ರಶ್ನೆ ಎಲ್ಲಿಂದ ಬರುತ್ತದೆ ಎಂಬುದು ಇನ್ನೂ ಬೇಗ ಹೊಳೆಯಬಹುದು ಎಂದು ನನ್ನ ಅಂದಾಜು.