ಪಕ್ ಬಳಿ ಇಲ್ಲದ ಆಟಗಾರನನ್ನು ನೋಡುವುದು: ಟೊರಾಂಟೊದ ಯುವ ಶಿಬಿರದಲ್ಲಿ ನನ್ನ ಅನುಭವ

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಸಾಮಾನ್ಯವಾಗಿ ಜೂನ್ ಕೊನೆಯಲ್ಲಿ ನಡೆಯುವ ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಇವು ಹದಿನೆಂಟರ ಆಸುಪಾಸಿನ ಹುಡುಗರನ್ನು ಆರಿಸಿಕೊಳ್ಳುತ್ತವೆ ಮತ್ತು ಕೆಲವೇ ದಿನಗಳಲ್ಲಿ ಅವರನ್ನು ಡೆವಲಪ್‌ಮೆಂಟ್ ಕ್ಯಾಂಪ್‌ಗೆ ಕರೆಯುತ್ತವೆ. ಹಿಂದಿನ ವರ್ಷಗಳಲ್ಲಿ ಆಯ್ಕೆಯಾದವರೂ, ಯಾವ ತಂಡವೂ ಆರಿಸದಿದ್ದರೂ ಆಹ್ವಾನ ಪಡೆದವರೂ ಅದೇ ಐಸ್ ಮೇಲೆ ಇರುತ್ತಾರೆ. ಮುಖ್ಯ ತಂಡದಲ್ಲಿ ಸ್ಥಾನಕ್ಕಾಗಿ ಸ್ಪರ್ಧೆ ನಡೆಯುವುದು ಸೆಪ್ಟೆಂಬರ್‌ನಲ್ಲಿ. ಜುಲೈನ ಈ ಶಿಬಿರದ ಉದ್ದೇಶ ಕಲಿಸುವುದು. ಈ ವ್ಯತ್ಯಾಸವನ್ನು ಮರೆತು ನೋಡಿದರೆ ಮೌಲ್ಯಮಾಪನವೆಲ್ಲ ದಾರಿ ತಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಟೊರಾಂಟೊದಲ್ಲಿ ಮಕ್ಕಳ ಹಾಕಿ ಕ್ಲಬ್‌ಗಳ ಆಯ್ಕೆಯಲ್ಲಿ ಮೌಲ್ಯಮಾಪಕನಾಗಿ ಕೆಲಸ ಮಾಡುತ್ತೇನೆ. ನಗರದ ಎನ್‌ಎಚ್‌ಎಲ್ ತಂಡವಾದ ಮೇಪಲ್ ಲೀಫ್ಸ್‌ನ ಶಿಬಿರವನ್ನು ಎಟೋಬಿಕೋ ಭಾಗದ ರಿಂಕ್‌ನಲ್ಲಿ, ಅಂದರೆ ಐಸ್ ಅಂಗಳದಲ್ಲಿ, ನೋಡಲು ಅವಕಾಶ ದೊರೆತಾಗಲೆಲ್ಲ ಗ್ಯಾಲರಿಯ ಎತ್ತರದ ಸಾಲಿನಲ್ಲಿ ಕುಳಿತು ಟಿಪ್ಪಣಿ ಬರೆಯುತ್ತ ಬಂದಿದ್ದೇನೆ. ಹೋಗುವ ಮುನ್ನ ಯಾರು ಯಾವ ಸುತ್ತಿನಲ್ಲಿ ಆಯ್ಕೆಯಾದವರೆಂಬ ಪಟ್ಟಿಯನ್ನು ನಾನು ಓದುವುದಿಲ್ಲ. ಜೆರ್ಸಿ ಸಂಖ್ಯೆಯ ಎದುರು ಕಂಡದ್ದನ್ನು ಮಾತ್ರ ಬರೆದು, ಹೆಸರು, ಸುತ್ತು ಮತ್ತು ಹುಟ್ಟಿದ ತಿಂಗಳನ್ನು ಕೊನೆಯಲ್ಲಿ ಸೇರಿಸುತ್ತೇನೆ. ಮೊದಲ ಸುತ್ತಿನ ಆಟಗಾರನೆಂದು ಗೊತ್ತಿದ್ದರೆ ಅವನ ತಪ್ಪು ಪಾಸ್ ಸಾಹಸದಂತೆ ಕಾಣುತ್ತದೆ, ಆರನೇ ಸುತ್ತಿನವನ ಅದೇ ಪಾಸ್ ಅಜ್ಞಾನದಂತೆ ಕಾಣುತ್ತದೆ. ಅನುಭವಿಗಳ ಕಣ್ಣೂ ಇದಕ್ಕೆ ಹೊರತಲ್ಲ. ತಿಂಗಳಿಗೂ ಮಹತ್ವವಿದೆ. ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬುವವರು ಆ ವರ್ಷದ ಡ್ರಾಫ್ಟ್‌ಗೆ ಅರ್ಹರು, ಮರುದಿನ ಹುಟ್ಟಿದವನು ಇಡೀ ವರ್ಷ ಕಾಯಬೇಕು. ಆದ್ದರಿಂದ ಒಂದೇ ಡ್ರಾಫ್ಟ್‌ನ ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ದೈಹಿಕ ಬೆಳವಣಿಗೆಯ ಅಂತರವಿರಬಹುದು.

ನನ್ನ ಗಮನದ ಬಹುಪಾಲು ಕಾಲುಗಳ ಮೇಲಿರುತ್ತದೆ. ಕೊಡಗಿನಲ್ಲಿ ನಾವು ನೋಡಿ ಬೆಳೆದ ಮೈದಾನದ ಹಾಕಿಯಲ್ಲಿ ಚೆಂಡನ್ನು ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಆಡಬೇಕಾಗಿರುವುದರಿಂದ ಮಣಿಕಟ್ಟೇ ಆಟಗಾರನ ಮಟ್ಟವನ್ನು ಬೇಗ ಹೇಳಿಬಿಡುತ್ತದೆ. ಐಸ್ ಮೇಲೆ ಆ ಕೆಲಸ ಮಾಡುವುದು ಸ್ಕೇಟ್‌ನ ಅಂಚು. ಪ್ರತಿ ಬ್ಲೇಡಿಗೂ ಒಳ ಅಂಚು, ಹೊರ ಅಂಚು ಎಂದು ಎರಡಿವೆ. ಹೊರ ಅಂಚಿನ ಮೇಲೆ ಪೂರ್ತಿ ಭಾರ ಹಾಕಿ ವೇಗ ಕಳೆದುಕೊಳ್ಳದೆ ತಿರುಗುವವನು, ಎದುರಾಳಿ ಹತ್ತಿರ ಬಂದಾಗಲೂ ತಲೆ ಎತ್ತಿಯೇ ಇರುತ್ತಾನೆ. ಎರಡೂ ಬದಿಗೆ ಸಮನಾಗಿ ತಿರುಗಬಲ್ಲನೇ, ಮುಂದಕ್ಕೆ ಚಲಿಸುತ್ತಿದ್ದವನು ಹಿಮ್ಮುಖವಾಗುವಾಗ ಸೊಂಟ ಮೊದಲು ತೆರೆಯುತ್ತದೆಯೇ ಅಥವಾ ಭುಜವೇ ಎಂಬುದನ್ನು ಡಿಫೆನ್ಸ್ ಆಟಗಾರರಲ್ಲಿ ನಾನು ಮತ್ತೆ ಮತ್ತೆ ನೋಡುತ್ತೇನೆ.

ಸ್ಕೇಟಿಂಗ್ ದೋಷವನ್ನು ಕಂಡೊಡನೆ ಆಟಗಾರನನ್ನು ತಳ್ಳಿಹಾಕುವ ಹಳೆಯ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಟಾಂಪಾ ಬೇ ತಂಡ 2014ರ ಮೂರನೇ ಸುತ್ತಿನಲ್ಲಿ, 79ನೆಯವನಾಗಿ ಆರಿಸಿದ ಬ್ರೇಡನ್ ಪಾಯಿಂಟ್ ಗಿಡ್ಡ ದೇಹದವರಾಗಿದ್ದರು, ಅವರ ಹೆಜ್ಜೆಯ ಬಗ್ಗೆಯೂ ಅನುಮಾನಗಳಿದ್ದವು. 1984ರ ಫಿಗರ್ ಸ್ಕೇಟಿಂಗ್ ವಿಶ್ವ ಜೋಡಿ ಪ್ರಶಸ್ತಿ ಗೆದ್ದ ಬಾರ್ಬ್ ಅಂಡರ್‌ಹಿಲ್ ಅವರ ಬಳಿ ಕಲಿತು ಅದನ್ನು ತಿದ್ದಿಕೊಂಡ ಪಾಯಿಂಟ್, 2020 ಮತ್ತು 2021ರಲ್ಲಿ ಎನ್‌ಎಚ್‌ಎಲ್‌ನ ಚಾಂಪಿಯನ್ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ತಂಡದ ಆಧಾರವಾದರು. 2022–23ರ ಋತುವಿನಲ್ಲಿ 51 ಗೋಲು ಹೊಡೆದರು. ಆದ್ದರಿಂದ ಶಿಬಿರದಲ್ಲಿ ನಾನು ಹುಡುಕುವುದು ದೋಷದ ಜೊತೆಗೆ ತಿದ್ದುವಿಕೆಯ ಕುರುಹನ್ನು. ಕೋಚ್ ಬೆಳಿಗ್ಗೆ ಮೊಣಕಾಲನ್ನು ಇನ್ನಷ್ಟು ಬಾಗಿಸು ಎಂದು ಹೇಳಿಕೊಟ್ಟದ್ದನ್ನು ಹುಡುಗ ಎರಡನೆಯ ದಿನ ದಣಿದಿರುವಾಗಲೂ ಉಳಿಸಿಕೊಂಡಿದ್ದರೆ, ಅದು ಯಾವ ಗೋಲಿಗಿಂತಲೂ ದೊಡ್ಡ ಸುದ್ದಿ.

ಪ್ರೇಕ್ಷಕರಿಗೆ ಹೆಚ್ಚು ಇಷ್ಟವಾಗುವ ಮೂವರ ವಿರುದ್ಧ ಮೂವರ ಪಂದ್ಯವೇ ಮೌಲ್ಯಮಾಪಕನನ್ನು ಹೆಚ್ಚು ಮೋಸಗೊಳಿಸುತ್ತದೆ. 200 ಅಡಿ ಉದ್ದ, 85 ಅಡಿ ಅಗಲದ ರಿಂಕ್‌ನಲ್ಲಿ ಗೋಲ್‌ಕೀಪರ್‌ಗಳನ್ನು ಬಿಟ್ಟು ಹತ್ತು ಜನರ ಬದಲು ಆರು ಜನ ಓಡಾಡುವಾಗ ಚುರುಕಾದ ಪುಟ್ಟ ಫಾರ್ವರ್ಡ್‌ಗೆ ಎಲ್ಲೆಲ್ಲೂ ಜಾಗ ಸಿಗುತ್ತದೆ. ಗೋಲಿನ ಮುಂದೆ ಎದುರಾಳಿಯನ್ನು ತಡೆಯುವುದರಲ್ಲೇ ನಿಪುಣನಾದ ಎತ್ತರದ ಡಿಫೆನ್ಸ್ ಆಟಗಾರ ಪೆದ್ದನಂತೆ ಕಾಣುತ್ತಾನೆ. ಅಲ್ಲಿ ನಾನು ಪಕ್ ಅನ್ನು, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು, ನೋಡುವುದು ಬಿಟ್ಟು ಒಬ್ಬ ಆಟಗಾರನನ್ನು ಅವನು ಐಸ್ ಮೇಲಿರುವ ಇಡೀ ಸರದಿಯುದ್ದಕ್ಕೂ ಕಣ್ಣಿನಿಂದ ಹಿಂಬಾಲಿಸುತ್ತೇನೆ. ಪಕ್ ತರಲು ಮೂಲೆಗೆ ಹೋಗುವ ಮುನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿದನೇ, ಸಂಗಾತಿ ಪಕ್ ಕಳೆದುಕೊಂಡ ಕ್ಷಣದಲ್ಲಿ ಇವನ ಮೊದಲ ಮೂರು ಹೆಜ್ಜೆ ಯಾವ ಕಡೆಗೆ ಇದ್ದವು, ಪಾಸ್ ಬಾರದಿದ್ದಾಗಲೂ ಸ್ಟಿಕ್ಕಿನ ಬ್ಲೇಡ್ ಐಸ್ ಮೇಲೆಯೇ ಇತ್ತೇ ಎಂಬ ಸಂಗತಿಗಳು ಐದು ಜನರ ನಿಜವಾದ ಪಂದ್ಯಕ್ಕೂ ಅವನ ಜೊತೆಯಲ್ಲೇ ಹೋಗುತ್ತವೆ.

ಗೋಲ್‌ಕೀಪರ್‌ಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ತಡೆಯಿಲ್ಲದೆ ಒಬ್ಬರ ಹಿಂದೆ ಒಬ್ಬರು ಬಂದು ಹೊಡೆಯುವ ಅಭ್ಯಾಸದಲ್ಲಿ ಗೋಲುಗಳ ಲೆಕ್ಕ ಅನ್ಯಾಯ. ಅವರು ಪಕ್ಕನ್ನು ಯಾವ ಕಡೆಗೆ ಸಿಡಿಸಿದರೆಂಬುದಷ್ಟೇ ನನಗೆ ಸಾಕು.

ಇನ್ನೊಂದು ಎಚ್ಚರಿಕೆ ಅಗತ್ಯ. ಮೇ ಕೊನೆಯವರೆಗೂ ಜೂನಿಯರ್ ಪ್ಲೇಆಫ್ ಆಡಿ ಬಂದವನ ದೇಹ ಜುಲೈನಲ್ಲಿ ಬಳಲಿರುತ್ತದೆ, ಮಾರ್ಚ್‌ನಲ್ಲೇ ಋತು ಮುಗಿಸಿದವನು ಉಲ್ಲಾಸದಿಂದಿರುತ್ತಾನೆ. ಒಪ್ಪಂದವಿಲ್ಲದೆ ಆಹ್ವಾನದ ಮೇಲೆ ಬಂದವನು ಪ್ರತಿ ಅಭ್ಯಾಸವನ್ನೂ ಫೈನಲ್‌ನಂತೆ ಆಡುತ್ತಾನೆ. ಆ ಹಸಿವನ್ನು ನಾನು ಮನಸಾರೆ ಗೌರವಿಸುತ್ತೇನೆ, ಆದರೆ ಅದನ್ನು ಸಾಮರ್ಥ್ಯದ ಅಂಕಣದಲ್ಲಿ ಬರೆಯುವುದಿಲ್ಲ.

ಹೀಗಾಗಿ ನನ್ನ ಟಿಪ್ಪಣಿಗಳು ಶ್ರೇಯಾಂಕದಲ್ಲಿ ಮುಗಿಯುವುದಿಲ್ಲ. ಪ್ರತಿ ಹೆಸರಿನ ಎದುರು ಚಳಿಗಾಲದಲ್ಲಿ ಪರೀಕ್ಷಿಸಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ. ಎಡಕ್ಕೆ ತಿರುಗುವಾಗ ತಡವರಿಸುತ್ತಿದ್ದ ಹುಡುಗ ಒಂಟಾರಿಯೊ ಪ್ರಾಂತ್ಯದ ಜೂನಿಯರ್ ಲೀಗ್‌ನಲ್ಲಿ ಆಡುವವನಾದರೆ, ನವೆಂಬರ್‌ನಲ್ಲಿ ಆ ಲೀಗ್‌ನ ತಂಡಗಳಿರುವ ಒಶಾವಾಕ್ಕೋ ಗ್ವೆಲ್ಫ್‌ಗೋ ಹೋಗಿ, ಅವನು ಎದುರಾಳಿಯ ಒತ್ತಡದಲ್ಲಿ ಎಡಕ್ಕೆ ತಿರುಗುವುದನ್ನು ನೋಡಿದ ಮೇಲೆಯೇ ಆ ಸಾಲನ್ನು ಪೂರ್ಣಗೊಳಿಸುತ್ತೇನೆ.